ಎಂಟನೇ ನಂಬರಿನ ಅಂಗಿ

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ಒಬ್ಬ ಆಟಗಾರರ ಬಗ್ಗೆ ಮಾತಾಡಬೇಕು ಅಂದುಕೊಂಡಿದ್ದೇನೆ. ಅದಕ್ಕಿಂತ ಜಾಸ್ತಿ, ಅವರನ್ನು ಕಳೆದುಕೊಂಡ ಊರಿನ ಬಗ್ಗೆ. ಆಟಗಾರ ಆಂಥೊನಿ ಫೋಲಿ. ಊರು ಐರ್ಲೆಂಡಿನ ಲಿಮರಿಕ್. ಆಟ ರಗ್ಬಿ.

ರಗ್ಬಿ ನಮ್ಮಲ್ಲಿ ಎಲ್ಲರೂ ನೋಡುವ ಆಟ ಅಲ್ಲ. ಹಾಗಾಗಿ ಮೊದಲು ಅದರ ಬಗ್ಗೆ ಎರಡು ಮಾತು. ಒಂದೊಂದು ತಂಡಕ್ಕೆ 15 ಜನ. ಮೊಟ್ಟೆಯ ಆಕಾರದ ಚೆಂಡು. ಅದನ್ನು ಹಿಡಿದುಕೊಂಡು ಮುಂದಕ್ಕೆ ಓಡಬಹುದು. ಕೈಯಿಂದ ಎಸೆಯುವುದಾದರೆ ಮಾತ್ರ ಪಕ್ಕಕ್ಕೋ ಹಿಂದಕ್ಕೋ ಎಸೆಯಬೇಕು. ಎದುರಾಳಿಗಳು ಕಬಡ್ಡಿಯಲ್ಲಿ ಹಿಡಿದ ಹಾಗೆ ಹಿಡಿದು ಕೆಡವುತ್ತಾರೆ. ನಡುನಡುವೆ ಸ್ಕ್ರಮ್ ನಡೆಯುತ್ತದೆ. ಎರಡೂ ಕಡೆಯ ಎಂಟೆಂಟು ಜನ ಬಗ್ಗಿ, ಹೆಗಲಿಗೆ ಹೆಗಲು ಕೊಟ್ಟು ತಳ್ಳುತ್ತಾರೆ. ಆ ಎಂಟು ಜನರಲ್ಲಿ ಎಲ್ಲರಿಗಿಂತ ಹಿಂದೆ ಇರುವವರ ಅಂಗಿಯ ನಂಬರ್ 8. ಮುಂದಿನವರು ತಳ್ಳುತ್ತಿರುವಾಗ ಚೆಂಡು ಇವರ ಕಾಲ ಬಳಿ ಬಂದು ನಿಲ್ಲುತ್ತದೆ. ಇನ್ನೂ ಸ್ವಲ್ಪ ತಡೆಯಬೇಕಾ, ಈಗಲೇ ಎತ್ತಿಕೊಂಡು ನುಗ್ಗಬೇಕಾ ಅಂತ ಅರೆಕ್ಷಣದಲ್ಲಿ ತೀರ್ಮಾನ ಮಾಡಬೇಕು. ಫೋಲಿ ಆಡುತ್ತಿದ್ದದ್ದು ಆ ಜಾಗದಲ್ಲಿ.

ಅವರು ಮಿಂಚಿನ ಹಾಗೆ ಓಡುವ ಆಟಗಾರ ಆಗಿರಲಿಲ್ಲ. ಆದರೆ ಚೆಂಡು ಎಲ್ಲಿಗೆ ಬರುತ್ತದೋ ಅಲ್ಲಿ ಮೊದಲೇ ಬಂದು ನಿಂತಿರುತ್ತಿದ್ದರು. ಅವರ ಆಟ ನೋಡಿದವರನ್ನೆಲ್ಲ ಕೇಳಿ, ಇದೇ ಮಾತು ಹೇಳುತ್ತಾರೆ.

ಐರ್ಲೆಂಡಿನ ಬೇರೆ ಕಡೆ ಒಂದು ಕಾಲಕ್ಕೆ ರಗ್ಬಿ ಅಂದರೆ ದೊಡ್ಡ ಶಾಲೆಗಳ, ಉಳ್ಳವರ ಆಟ. ಲಿಮರಿಕ್‌ನಲ್ಲಿ ಹಾಗಲ್ಲ. ಬಂದರಿನಲ್ಲಿ ಮೂಟೆ ಹೊರುವವರೂ ಡಾಕ್ಟರೂ ಒಂದೇ ತಂಡದಲ್ಲಿ ಆಡಿದ ಊರು ಅದು. ಊರಿನ ಮೈದಾನದ ಹೆಸರು ಥೋಮಂಡ್ ಪಾರ್ಕ್. ಆ ಭಾಗಕ್ಕೆಲ್ಲ ಸೇರಿದ ತಂಡ ಮನ್‌ಸ್ಟರ್. ಕೆಂಪು ಅಂಗಿಯ ತಂಡ.

ಫೋಲಿ ಮನೆತನಕ್ಕೂ ಆ ಅಂಗಿಗೂ ಹಳೆಯ ನಂಟು. 1978ರ ಅಕ್ಟೋಬರ್ 31ರಂದು ನ್ಯೂಜಿಲೆಂಡಿನ ಆಲ್ ಬ್ಲ್ಯಾಕ್ಸ್ ತಂಡ ಥೋಮಂಡ್ ಪಾರ್ಕ್‌ಗೆ ಬಂದಿತ್ತು. ರಗ್ಬಿ ಲೋಕದಲ್ಲಿ ಅವರನ್ನು ಮೀರಿಸಿದವರಿಲ್ಲ ಎನ್ನುವ ಹೆಸರು. ಅವತ್ತು ಮನ್‌ಸ್ಟರ್ ಅವರನ್ನು 12-0 ಅಂತರದಲ್ಲಿ ಸೋಲಿಸಿತು. ಐರ್ಲೆಂಡಿನ ರಾಷ್ಟ್ರೀಯ ತಂಡಕ್ಕೂ ಅಲ್ಲಿವರೆಗೆ ಆಗಿರದ ಕೆಲಸ ಅದು. ಅವತ್ತು ಮನ್‌ಸ್ಟರ್ ಪರ ಸ್ಕ್ರಮ್‌ನಲ್ಲಿ ತಳ್ಳಿದವರಲ್ಲಿ ಬ್ರೆಂಡನ್ ಫೋಲಿ ಒಬ್ಬರು. ಅವರ ಮಗ ಆಂಥೊನಿಗೆ ಅದರ ಹಿಂದಿನ ದಿನವಷ್ಟೇ ಐದು ತುಂಬಿತ್ತು. ಮುಂದೆ ಬ್ರೆಂಡನ್ ಅವರ ಮಗಳು ರೋಸಿ ಕೂಡ ಐರ್ಲೆಂಡಿನ ಮಹಿಳಾ ತಂಡದಲ್ಲಿ ಆಡಿದರು.

ಆಂಥೊನಿ ಶಾನನ್ ಕ್ಲಬ್‌ನಲ್ಲಿ ಬೆಳೆದು, ಮನ್‌ಸ್ಟರ್‌ಗೆ 201 ಸಲ, ಐರ್ಲೆಂಡಿಗೆ 62 ಸಲ ಆಡಿದರು. 1995ರಲ್ಲಿ ಇಂಗ್ಲೆಂಡ್ ವಿರುದ್ಧ ಮೊದಲ ಅಂತರರಾಷ್ಟ್ರೀಯ ಪಂದ್ಯ. ಅದರಲ್ಲೇ ಒಂದು ಟ್ರೈ, ಅಂದರೆ ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿ ಗಳಿಸುವ ಅಂಕ. ಜನ ಅವರನ್ನು ಕರೆಯುತ್ತಿದ್ದದ್ದು ಆಕ್ಸೆಲ್ ಅಂತ. ಒಂದು ಹಾಲಿವುಡ್ ಸಿನಿಮಾದ ಪೊಲೀಸ್ ನಾಯಕನ ಹೆಸರು ಆಕ್ಸೆಲ್ ಫೋಲಿ. ಮನೆಹೆಸರು ಒಂದೇ ಆದ್ದರಿಂದ ಅಡ್ಡಹೆಸರು ಅಂಟಿಕೊಂಡಿತು.

ಯುರೋಪಿನ ಕ್ಲಬ್‌ಗಳ ದೊಡ್ಡ ಕಪ್ ಆಗ ಹೈನೆಕೆನ್ ಕಪ್. ಮನ್‌ಸ್ಟರ್‌ಗೆ ಅದು ಕೈಗೆ ಬಂದಂತೆ ಬಂದು ಜಾರುತ್ತಿತ್ತು. 2000ದ ಫೈನಲ್‌ನಲ್ಲಿ ಸೋತರು, ಅದೂ ಒಂದೇ ಅಂಕದಿಂದ. 2002ರ ಫೈನಲ್‌ನಲ್ಲಿ ಮತ್ತೆ ಸೋಲು. ಪ್ರತಿ ಸಲವೂ ಅಭಿಮಾನಿಗಳು ಸಾಲುಸಾಲಾಗಿ ಹೋಗಿದ್ದರು, ಅತ್ತುಕೊಂಡು ವಾಪಸ್ ಬಂದಿದ್ದರು. 2006ರ ಮೇ 20ರಂದು ವೇಲ್ಸ್‌ನ ಕಾರ್ಡಿಫ್‌ನಲ್ಲಿ ಮತ್ತೊಂದು ಫೈನಲ್. ಎದುರಿಗೆ ಫ್ರಾನ್ಸಿನ ಬಿಯಾರಿಟ್ಸ್. ಮನ್‌ಸ್ಟರ್ ನಾಯಕ ಫೋಲಿ. ಆಟ ಬಿಗಿಯಾಗಿ ನಡೆಯುತ್ತಿದ್ದಾಗ ಕ್ರೀಡಾಂಗಣದ ದೊಡ್ಡ ಪರದೆಯ ಮೇಲೆ ಇದ್ದಕ್ಕಿದ್ದಂತೆ ಲಿಮರಿಕ್‌ನ ಓ'ಕಾನೆಲ್ ಬೀದಿ ಕಾಣಿಸಿತು. ಟಿಕೆಟ್ ಸಿಗದೆ ಊರಲ್ಲೇ ಉಳಿದ ಸಾವಿರಾರು ಜನ ಬೀದಿ ತುಂಬ ಕೆಂಪಾಗಿ ನಿಂತು ಪಂದ್ಯ ನೋಡುತ್ತಿದ್ದರು. ಮೈದಾನದಲ್ಲಿದ್ದ ಆಟಗಾರರು ತಲೆ ಎತ್ತಿ ಅದನ್ನು ನೋಡಿದರು. ನೋಡಿ ಹುರುಪು ಬಂತು ಅಂತ ಆಮೇಲೆ ಅವರೇ ಹೇಳಿಕೊಂಡರು. ಮನ್‌ಸ್ಟರ್ 23-19ರಲ್ಲಿ ಗೆದ್ದಿತು. ಕಪ್ ಎತ್ತಿದವರು ಫೋಲಿ.

2008ರಲ್ಲಿ ಆಟ ಬಿಟ್ಟರು. ಕೋಚ್ ಆದರು. 2014ರಲ್ಲಿ ಮನ್‌ಸ್ಟರ್‌ನ ಮುಖ್ಯ ಕೋಚ್. ಇಲ್ಲಿ ಒಂದು ವಿಷಯ ಮುಚ್ಚಿಡಬಾರದು. ಆ ಎರಡು ವರ್ಷ ಚೆನ್ನಾಗಿ ನಡೆಯಲಿಲ್ಲ. ಯುರೋಪ್ ಕಪ್‌ನಲ್ಲಿ ತಂಡ ಸತತ ಎರಡು ಸಲ ಗುಂಪಿನ ಹಂತವನ್ನೇ ದಾಟಲಿಲ್ಲ. ಟೀಕೆ ಬಂತು. ಅವರನ್ನು ಹೊತ್ತು ಮೆರೆಸಿದ ಜನರಲ್ಲೇ ಕೆಲವರು ಬೇಸರದ ಮಾತು ಆಡಿದರು. 2016ರಲ್ಲಿ ಅವರ ಮೇಲೆ ದಕ್ಷಿಣ ಆಫ್ರಿಕಾದ ರಾಸಿ ಎರಾಸ್ಮಸ್ ಅವರನ್ನು ನಿರ್ದೇಶಕರಾಗಿ ತಂದರು. ಫೋಲಿ ಮುನಿಸಿಕೊಂಡು ಹೋಗಲಿಲ್ಲ. ಅದೇ ತಂಡದಲ್ಲಿ ಕೋಚ್ ಆಗಿಯೇ ಕೆಲಸ ಮುಂದುವರಿಸಿದರು. ನನಗೆ ಅವರ ಮೇಲೆ ಗೌರವ ಹೆಚ್ಚಿದ್ದು ಕಾರ್ಡಿಫ್ ಗೆಲುವಿಗಿಂತ ಇದರಿಂದ.

2016ರ ಅಕ್ಟೋಬರ್ 16, ಭಾನುವಾರ. ಪ್ಯಾರಿಸ್‌ನಲ್ಲಿ ರೇಸಿಂಗ್ 92 ತಂಡದ ಮೇಲೆ ಮನ್‌ಸ್ಟರ್ ಪಂದ್ಯ ಇತ್ತು. ತಂಡ ಹೋಟೆಲ್‌ನಲ್ಲಿ ಇಳಿದುಕೊಂಡಿತ್ತು. ರಾತ್ರಿ ಮಲಗಿದ ಫೋಲಿ ಮತ್ತೆ ಏಳಲಿಲ್ಲ. ಹೃದಯ ಬಡಿತದ ಲಯ ತಪ್ಪಿ, ಶ್ವಾಸಕೋಶದಲ್ಲಿ ನೀರು ತುಂಬಿಕೊಂಡಿತ್ತು ಅಂತ ಆಮೇಲೆ ಗೊತ್ತಾಯಿತು. ವಯಸ್ಸು 42. ಮನೆಯಲ್ಲಿ ಹೆಂಡತಿ, ಇಬ್ಬರು ಗಂಡುಮಕ್ಕಳು.

ಪಂದ್ಯ ಮುಂದಕ್ಕೆ ಹೋಯಿತು. ಆದರೆ ಐರ್ಲೆಂಡಿನಿಂದ ಬಂದಿದ್ದ ಅಭಿಮಾನಿಗಳು ಎಲ್ಲಿಗೆ ಹೋಗಬೇಕು? ಪ್ಯಾರಿಸ್ ಪಕ್ಕದ ಕೊಲಂಬ್‌ನಲ್ಲಿದ್ದ ಮೈದಾನದ ಬಾಗಿಲಿಗೇ ಬಂದರು. ಕೊರಳಲ್ಲಿದ್ದ ಕೆಂಪು ಸ್ಕಾರ್ಫ್, ಕೈಯಲ್ಲಿದ್ದ ಬಾವುಟ ಅಲ್ಲಿ ಇಟ್ಟರು. ಹಾಡಿದರು. ಗೆದ್ದಾಗ, ಸೋತಾಗ ಹಾಡುತ್ತಿದ್ದ ಹಾಡುಗಳೇ. ಬೇರೆ ದೇಶದ ಊರಲ್ಲಿ, ಪಂದ್ಯ ಇಲ್ಲದ ಮೈದಾನದ ಮುಂದೆ. ಅವತ್ತು ಲಿಮರಿಕ್‌ನಲ್ಲಿ ಥೋಮಂಡ್ ಪಾರ್ಕ್‌ನ ಗೇಟಿನ ಬಳಿಯೂ ಹೂವು, ಅಂಗಿ, ಕೈಯಲ್ಲಿ ಬರೆದ ಚೀಟಿಗಳು ಬಂದು ಬೀಳತೊಡಗಿದವು.

ಫೋಲಿ ಕುಟುಂಬ ಇದ್ದದ್ದು ಕಿಲ್ಲಲೂ ಎನ್ನುವ ಸಣ್ಣ ಊರಿನಲ್ಲಿ, ಶಾನನ್ ನದಿಯ ದಡದಲ್ಲಿ. ಅಲ್ಲಿನ ಸೇಂಟ್ ಫ್ಲ್ಯಾನನ್ ಚರ್ಚಿನಲ್ಲಿ ಅಂತಿಮ ದರ್ಶನಕ್ಕೆ ಸಾವಿರಾರು ಜನ ಸಾಲು ನಿಂತರು. ಅವರ ಜೊತೆ ಆಡಿದವರು, ವಿರುದ್ಧ ಆಡಿದವರು, ಪಂದ್ಯದಲ್ಲಿ ದೂರದಿಂದ ನೋಡಿದ್ದು ಬಿಟ್ಟರೆ ಒಂದು ಸಲವೂ ಮಾತಾಡಿಸದವರು, ಎಲ್ಲರೂ ಒಂದೇ ಸಾಲಿನಲ್ಲಿ. ಶುಕ್ರವಾರ, 21ರಂದು ಅಂತ್ಯಕ್ರಿಯೆ ಆಯಿತು.

ಮರುದಿನ ಶನಿವಾರ. ಥೋಮಂಡ್ ಪಾರ್ಕ್‌ನಲ್ಲಿ ಸ್ಕಾಟ್‌ಲೆಂಡಿನ ಗ್ಲಾಸ್ಗೋ ಮೇಲೆ ಪಂದ್ಯ. ಹಿಂದಿನ ದಿನ ಮಣ್ಣು ಮಾಡಿ ಬಂದ ಹುಡುಗರು ಇವತ್ತು ಆಡಬೇಕು. ಅವತ್ತು 8ನೇ ನಂಬರಿನ ಅಂಗಿಯನ್ನು ಯಾರೂ ತೊಡುವುದು ಬೇಡ ಅಂತ ತೀರ್ಮಾನ ಮಾಡಿದ್ದರು. ಆ ಜಾಗದಲ್ಲಿ ಆಡುವ ಸಿ.ಜೆ. ಸ್ಟ್ಯಾಂಡರ್ 24ನೇ ನಂಬರ್ ಹಾಕಿಕೊಂಡು ಬಂದರು. ಗ್ಯಾಲರಿಯಲ್ಲಿ ಜನ ಬಣ್ಣದ ಹಾಳೆಗಳನ್ನು ಎತ್ತಿ ಹಿಡಿದರು. ದೂರದಿಂದ ನೋಡಿದರೆ ಆಕ್ಸೆಲ್ ಎನ್ನುವ ಹೆಸರು, ಪಕ್ಕದಲ್ಲಿ 8.

ಥೋಮಂಡ್ ಪಾರ್ಕ್‌ನ ಒಂದು ಪದ್ಧತಿ ಹೇಳಬೇಕು. ಬೇರೆ ಕಡೆ ಎದುರಾಳಿ ಚೆಂಡನ್ನು ಕಂಬಗಳ ನಡುವೆ ಒದೆಯುವಾಗ ಕೂಗಿ ಗಲಾಟೆ ಮಾಡುತ್ತಾರೆ. ಇಲ್ಲಿ ಸಾವಿರಗಟ್ಟಲೆ ಜನ ಒಟ್ಟಿಗೆ ಸುಮ್ಮನಾಗುತ್ತಾರೆ. ಯಾರಾದರೂ ಕೆಮ್ಮಿದರೂ ಸುತ್ತಲಿನವರು ತಿರುಗಿ ನೋಡುತ್ತಾರೆ. ಅಂಥ ಜನ ಅವತ್ತು ಫೋಲಿಗಾಗಿ ಮೌನ ನಿಂತರು.

ಆಟ ಶುರುವಾಗಿ ಇಪ್ಪತ್ತು ನಿಮಿಷವೂ ಆಗಿರಲಿಲ್ಲ. ಕೀತ್ ಅರ್ಲ್ಸ್, ಲಿಮರಿಕ್‌ನದೇ ಹುಡುಗ, ಎದುರಾಳಿಯನ್ನು ಎತ್ತಿ ಅಪಾಯಕಾರಿಯಾಗಿ ಕೆಡವಿದರು ಅಂತ ರೆಡ್ ಕಾರ್ಡ್ ಬಿತ್ತು. ಇನ್ನು ಒಂದು ಗಂಟೆ ಹದಿನಾಲ್ಕೇ ಜನ. ಅಂಥ ವಾರದಲ್ಲಿ ಯಾವ ತಂಡವಾದರೂ ಅಲ್ಲಿಗೇ ಕುಸಿದು ಕೂರಬಹುದಿತ್ತು, ಅಲ್ವಾ? ಮನ್‌ಸ್ಟರ್ ಮಧ್ಯಂತರಕ್ಕೆ 24-3 ಮುಂದಿತ್ತು. ಕೊನೆಗೆ 38-17ರಲ್ಲಿ ಗೆದ್ದಿತು. ಒಬ್ಬ ಆಟಗಾರ ಕಡಿಮೆ ಇದ್ದ ಜಾಗವನ್ನು ಗ್ಯಾಲರಿಯ ಕೂಗು ತುಂಬಿತು ಅಂತ ನಾನು ನಂಬುತ್ತೇನೆ. ಆಟ ಮುಗಿದ ಮೇಲೆ ಆಟಗಾರರು ಮೈದಾನದ ನಡುವೆ ವೃತ್ತವಾಗಿ ನಿಂತರು. ಫೋಲಿಯ ಇಬ್ಬರು ಮಕ್ಕಳೂ ಆ ವೃತ್ತದಲ್ಲಿ ಇದ್ದರು. ಬೆವರು, ಕೆಸರು ಮೆತ್ತಿಕೊಂಡ ಅಷ್ಟೆತ್ತರದ ಗಂಡಸರ ನಡುವೆ ಆ ಮಕ್ಕಳು ತಂಡದ ಹಾಡನ್ನು ಗಟ್ಟಿಯಾಗಿ ಹಾಡಿದರು. ಆ ದೃಶ್ಯ ನೋಡಿ ಕಣ್ಣು ಒದ್ದೆಯಾಗದವರು ಕಡಿಮೆ.

ಎರಡು ವಾರ ಕಳೆಯಿತು. ನವೆಂಬರ್ 5ರಂದು ಅಮೆರಿಕದ ಶಿಕಾಗೊದಲ್ಲಿ ಐರ್ಲೆಂಡ್ ಮತ್ತು ಆಲ್ ಬ್ಲ್ಯಾಕ್ಸ್ ಮುಖಾಮುಖಿ. ನ್ಯೂಜಿಲೆಂಡ್ ಸತತ 18 ಟೆಸ್ಟ್ ಗೆದ್ದು ಬಂದಿತ್ತು. ಆಟಕ್ಕೆ ಮುಂಚೆ ಅವರು ಹಾಕಾ ಮಾಡುತ್ತಾರೆ. ತೊಡೆ ತಟ್ಟಿ, ನೆಲ ತುಳಿದು, ಕೂಗಿ ಸವಾಲು ಹಾಕುವ ಮಾವೊರಿ ಜನರ ನೃತ್ಯ ಅದು. ಎದುರಾಳಿಗಳು ಸಾಮಾನ್ಯವಾಗಿ ಉದ್ದಕ್ಕೆ ಸಾಲಾಗಿ ನಿಂತು ನೋಡುತ್ತಾರೆ. ಅವತ್ತು ಐರ್ಲೆಂಡಿನವರು ಸಾಲಾಗಿ ನಿಲ್ಲಲಿಲ್ಲ. ಮೈದಾನದ ಮೇಲೆ 8ರ ಆಕಾರದಲ್ಲಿ ನಿಂತರು. ಮನ್‌ಸ್ಟರ್‌ನ ಆಟಗಾರರು ಎಲ್ಲರಿಗಿಂತ ಮುಂದೆ. ಒಂದು ಮಾತೂ ಆಡದೆ ಹಾಕಾವನ್ನು ದಿಟ್ಟಿಸಿದರು. ಆಮೇಲೆ 40-29ರಲ್ಲಿ ಗೆದ್ದರು. ಎರಡು ದೇಶಗಳು ಮೊದಲ ಸಲ ಆಡಿದ 1905ರಿಂದ 111 ವರ್ಷ ಕಾದು ಸಿಕ್ಕ ಮೊದಲ ಗೆಲುವು. ಅಪ್ಪ ಬ್ರೆಂಡನ್ ಆಡಿದ ಮನ್‌ಸ್ಟರ್ 1978ರಲ್ಲಿ ಮಾಡಿದ್ದನ್ನು ಐರ್ಲೆಂಡ್ ತಂಡ ಕೊನೆಗೂ ಮಾಡಿದ್ದು ಮಗನಿಗಾಗಿ ಎಂಟಾಗಿ ನಿಂತ ದಿನ.

ಅದಾಗಿ ಆರನೇ ದಿನ, ನವೆಂಬರ್ 11ರ ರಾತ್ರಿ, ನ್ಯೂಜಿಲೆಂಡಿನದೇ ಮಾವೊರಿ ಆಲ್ ಬ್ಲ್ಯಾಕ್ಸ್ ಥೋಮಂಡ್ ಪಾರ್ಕ್‌ಗೆ ಬಂದರು. ಹಾಕಾಕ್ಕೆ ಮುಂಚೆ ಅವರ ನಾಯಕ ಆಶ್ ಡಿಕ್ಸನ್ ಒಂದು ಕಪ್ಪು ಅಂಗಿ ಹಿಡಿದು ಬಂದು ಮೈದಾನದ ನಡುಗೆರೆಯ ಬಳಿ ನೆಲದ ಮೇಲೆ ಹಾಸಿದರು. ಅದರ ಮೇಲೆ ಫೋಲಿ ಹೆಸರಿನ ಮೊದಲಕ್ಷರಗಳಿದ್ದವು. ಹಾಕಾ ಮುಗಿದ ಮೇಲೆ ಆ ಅಂಗಿಯನ್ನು ಮಕ್ಕಳ ಕೈಗೆ ಕೊಟ್ಟರು. ಆ ಪಂದ್ಯವನ್ನೂ ಮನ್‌ಸ್ಟರ್ ಗೆದ್ದಿತು, 27-14. ಪ್ರಪಂಚದ ಇನ್ನೊಂದು ತುದಿಯಿಂದ ಬಂದವರಿಗೆ ಈ ಊರಿನ ದುಃಖ ಏನು ಅಂತ ಅರ್ಥವಾಗಿತ್ತು. ಅದನ್ನು ತಮ್ಮ ರೀತಿಯಲ್ಲಿ ಹೇಳಲೂ ಗೊತ್ತಿತ್ತು.

ಆ ಋತುವಿನಲ್ಲಿ ಮನ್‌ಸ್ಟರ್ ಯುರೋಪ್ ಕಪ್‌ನ ಸೆಮಿಫೈನಲ್‌ವರೆಗೆ, ತಮ್ಮ ಲೀಗ್‌ನ ಫೈನಲ್‌ವರೆಗೆ ಹೋಯಿತು. ಎರಡರಲ್ಲೂ ಸೋತಿತು. ಫೋಲಿಗಾಗಿ ಒಂದು ಕಪ್ ತರಬೇಕಿತ್ತು ಅಂತ ಅಭಿಮಾನಿಗಳಿಗೆ ಆಸೆ ಇದ್ದೇ ಇತ್ತು. ಬರಲಿಲ್ಲ.

ಆದರೆ ಫೋಲಿಯ ಮಕ್ಕಳಲ್ಲಿ ಒಬ್ಬ ಕೇಳಿದ್ದು ಕಪ್ ಅಲ್ಲ. ಅಪ್ಪ ಹೋದ ವಾರದಲ್ಲೇ ಅವನು ಜನರಲ್ಲಿ ಒಂದು ಕೋರಿಕೆ ಇಟ್ಟ. ತಿಂಗಳಿಗೆ ಒಂದು ಭಾನುವಾರ ನಿಮ್ಮ ಮನೆಯವರಿಗಾಗಿ ಚರ್ಚಿಗೆ ಹೋಗಿ, ಬೇರೆ ಧರ್ಮದವರಾದರೆ ನಿಮ್ಮ ನಿಮ್ಮ ಪ್ರಾರ್ಥನೆಯ ಜಾಗಕ್ಕೆ ಹೋಗಿ ಅಂತ. ಅಪ್ಪನ ಜೊತೆ ಚರ್ಚಿಗೆ ಹೋಗುತ್ತಿದ್ದ ಹೊತ್ತು ಅವರಿಬ್ಬರದೇ ಆಗಿತ್ತಂತೆ. ಅಂಥ ಹೊತ್ತು ಎಲ್ಲರಿಗೂ ಸಿಗಲಿ ಅನ್ನುವುದು ಅವನ ಆಸೆ.

ನಮಸ್ಕಾರ.