‘ನೀರು ಗುಳ್ಳೆ’ ತೆಗೆಸಬೇಕಾ? ಪಿಸಿಓಎಸ್‌ನ ಹಳೇ ಕಥೆ

ನಮಸ್ಕಾರ. ಚಿಂತಾಮಣಿಯಿಂದ ಒಬ್ಬ ಹುಡುಗಿ ಕೇಳಿದ್ದಾಳೆ: “ಅಕ್ಕಾ, ಸ್ಕ್ಯಾನಿಂಗ್‌ನಲ್ಲಿ ನೀರು ಗುಳ್ಳೆ ಇದೆ ಅಂದರು. ಅಮ್ಮ ಎರಡು ದಿನದಿಂದ ಅಳುತ್ತಿದ್ದಾರೆ. ಆಪರೇಷನ್ ಮಾಡಿಸಿ ತೆಗೆಸಿಬಿಟ್ಟರೆ ಸರಿಹೋಗುತ್ತಾ?”

ಇದಕ್ಕೇ ಪಿಸಿಓಎಸ್ ಅನ್ನುವುದು, ಅಂದರೆ ಹಾರ್ಮೋನು ಏರುಪೇರಾಗಿ ಅಂಡಾಶಯದ ಕೆಲಸ ಕೆಡುವ ತೊಂದರೆ. ಅದರ ಲಕ್ಷಣಗಳು: ಮುಟ್ಟು ಮುಂದಕ್ಕೆ ಹೋಗುವುದು, ಮೊಡವೆ, ಗಲ್ಲದ ಮೇಲೆ ಕೂದಲು. ಇದೆಲ್ಲ ನಿಮಗೆ ಗೊತ್ತಿರುವುದೇ ಅಲ್ವಾ? ಸೀದಾ ಗುಳ್ಳೆಗೆ ಬರೋಣ.

(ಕೈಯಲ್ಲಿ ಎಳೆ ದ್ರಾಕ್ಷಿ ಗೊಂಚಲು, ಕ್ಯಾಮೆರಾ ಹತ್ತಿರಕ್ಕೆ)

ಇದು ಚಿಕ್ಕಬಳ್ಳಾಪುರದ ತೋಟದ್ದು. ಒಂದೊಂದು ಹೀಚೂ ಮೆಣಸಿನ ಕಾಳಿನಷ್ಟಿದೆ. ಅಂಡಾಶಯದಲ್ಲೂ ತಿಂಗಳು ತಿಂಗಳು ಇಂಥ ಹಲವು ಹೀಚು ಹೊರಡುತ್ತವೆ. ಒಂದು ಬಲಿಯುತ್ತದೆ, ಉಳಿದವು ಬಾಡುತ್ತವೆ. ಪಿಸಿಓಎಸ್‌ನಲ್ಲಿ ಎಷ್ಟೋ ತಿಂಗಳು ಒಂದೂ ಬಲಿಯುವುದಿಲ್ಲ. ಹೀಚಾಗಿಯೇ ಅಂಚಿಗೆ ಸಾಲಾಗಿ ನಿಂತುಬಿಡುತ್ತವೆ. ಒಳಗೆ ನೀರಿರುವುದು ನಿಜ. ಆದರೆ ಅದು ಗಡ್ಡೆಯಲ್ಲ ಕಣಮ್ಮ, ಬಲಿಯದ ಮೊಟ್ಟೆಯ ಚೀಲ.

1721ರಲ್ಲೇ ಇಟಲಿಯ ವೈದ್ಯ ವಲ್ಲಿಸ್ನೇರಿ ಮಕ್ಕಳಾಗದ ರೈತ ಹೆಂಗಸಿನ ಅಂಡಾಶಯದ ಬಗ್ಗೆ ಬರೆದಿದ್ದಾರೆ. ಬೆಳ್ಳಗೆ, ಹೊಳೆಯುತ್ತಾ, ಪಾರಿವಾಳದ ಮೊಟ್ಟೆಯ ಹಾಗಿತ್ತಂತೆ.

ನನಗೆ ನಿದ್ದೆ ಕೆಡಿಸಿದ್ದು ಮಾತ್ರ 1935ರ ಕಥೆ. ಷಿಕಾಗೊದ ವೈದ್ಯರಾದ ಸ್ಟೀನ್ ಮತ್ತು ಲೆವೆಂಥಾಲ್ ಪರೀಕ್ಷೆಗೆ ಅಂತ ಅಂಡಾಶಯದ ಚೂರು ತೆಗೆದರೆ, ನಿಂತಿದ್ದ ಮುಟ್ಟು ಮತ್ತೆ ಬಂತು! ಅದನ್ನೇ ಚಿಕಿತ್ಸೆ ಮಾಡಿಕೊಂಡರು. ಕಲ್ಲಂಗಡಿ ಹೋಳು ಕೊಯ್ಯುವ ಹಾಗೆ ಅಂಡಾಶಯದಿಂದ ಒಂದು ಹೋಳು ಕೊಯ್ದು, ಹೊಲಿಗೆ ಹಾಕುತ್ತಿದ್ದರು. ಅವರು ವರದಿ ಮಾಡಿದ 7 ಹೆಂಗಸರಿಗೂ ಮುಟ್ಟು ಬಂತು, ಇಬ್ಬರು ಬಸುರಿಯಾದರು.

ಮುಟ್ಟು ಬಂದದ್ದು ಗುಳ್ಳೆ ಹೋಯಿತು ಅಂತಲ್ಲ. ಅಂಡಾಶಯ ತಯಾರಿಸುತ್ತಿದ್ದ ಗಂಡು ಹಾರ್ಮೋನು ಕಡಿಮೆಯಾಯಿತು, ಅದಕ್ಕೆ. ಆದರೆ ಕೆಲವರಿಗೆ ಗಾಯ ಮಾಯುವಾಗ ಅಕ್ಕಪಕ್ಕದ ಅಂಗಗಳು ಅಂಟಿಕೊಂಡು, ಮಕ್ಕಳಾಗುವುದಕ್ಕೇ ಅಡ್ಡಿಯಾಗುತ್ತಿತ್ತು. 1960ರ ದಶಕದಲ್ಲಿ ಮೊಟ್ಟೆ ಬಲಿಯಲು ನೆರವಾಗುವ ಕ್ಲೋಮಿಫೀನ್ ಮಾತ್ರೆ ಬಂತು, ಹೋಳು ಕೊಯ್ಯುವುದು ಹಿಂದೆ ಸರಿಯಿತು.

ಹೊತ್ತಾಗುತ್ತಿದೆ, ಉಳಿದದ್ದು ಬೇಗ ಹೇಳುತ್ತೇನೆ. 1921ರಲ್ಲೇ ಫ್ರಾನ್ಸಿನ ವೈದ್ಯರಾದ ಅಶಾರ್ ಮತ್ತು ತಿಯೆರ್ ‘ಗಡ್ಡದ ಹೆಂಗಸರ ಸಕ್ಕರೆ ಕಾಯಿಲೆ’ ಅಂತ ಬರೆದಿದ್ದರು. ಎಂಥ ಹೆಸರು! ಕೇಳಿದರೆ ಹೊಟ್ಟೆ ಉರಿಯುತ್ತದೆ. ಆದರೆ ಪಿಸಿಓಎಸ್‌ಗೂ ಸಕ್ಕರೆಗೂ ನಂಟಿದೆ ಅನ್ನುವ ಸುಳಿವು ಅಲ್ಲೇ ಇತ್ತು. ಪಿಸಿಓಎಸ್ ಇರುವವರ ರಕ್ತದಲ್ಲಿ ಸಕ್ಕರೆಯನ್ನು ಹಿಡಿತದಲ್ಲಿಡುವ ಇನ್ಸುಲಿನ್ ಹಾರ್ಮೋನು ಜಾಸ್ತಿ ಅಂತ ಗೊತ್ತಾಗಿದ್ದು 1980ರಲ್ಲಿ. ಇನ್ಸುಲಿನ್ ಏರಿದರೆ ಗಂಡು ಹಾರ್ಮೋನೂ ಏರುತ್ತದೆ. 2003ರಲ್ಲಿ ನೆದರ್‌ಲೆಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ ಸೇರಿದ ತಜ್ಞರು ಮೂರು ಲಕ್ಷಣ ಹೇಳಿ (ಮೊಟ್ಟೆ ಸರಿಯಾಗಿ ಬಲಿಯದೆ ಮುಟ್ಟು ಏರುಪೇರಾಗುವುದು, ಗಂಡು ಹಾರ್ಮೋನು ಜಾಸ್ತಿ, ಸ್ಕ್ಯಾನಿಂಗ್‌ನಲ್ಲಿ ಗುಳ್ಳೆ), ಎರಡಿದ್ದರೆ ಪಿಸಿಓಎಸ್ ಅನ್ನಲು ಸಾಕು ಅಂದರು. ಅಂದರೆ ಗುಳ್ಳೆ ಕಾಣದೆಯೂ ಪಿಸಿಓಎಸ್ ಇರಬಹುದು.

ಚಿಂತಾಮಣಿ ತಂಗೀ, ಮುಂದಿನ ಸಲ ಡಾಕ್ಟರ್ ಹತ್ತಿರ ಹೋದಾಗ ಶುಗರ್ ಟೆಸ್ಟ್ ಬಗ್ಗೆಯೂ ಕೇಳು. ಆ ದ್ರಾಕ್ಷಿ ಗೊಂಚಲಿನ ಭಾಗವನ್ನು ಅಮ್ಮನಿಗೆ ತೋರಿಸು.