ಕಿನ್ನಾಳದ ಗರುಡನಿಗೆ ಒಂದು ಬಿಳಿ ಪಂಚೆ

ಕೊಪ್ಪಳದ ನಮ್ಮ ಮನೆಯ ಮೇಜಿನ ಮೇಲೆ ಈ ಬಣ್ಣದ ಮರದ ಗೊಂಬೆ, ಗರುಡ, ಮೂರು ದಿನಗಳಿಂದ ಕುಳಿತಿದ್ದಾನೆ. ಕಿನ್ನಾಳದಲ್ಲಿ ಇವನನ್ನು ಮಾಡಿದ ಅಣ್ಣನವರಿಗೆ, ಮಾರಾಟಕ್ಕೆಂದು ಮೊಬೈಲಿನಲ್ಲಿ ತೆಗೆದ ಮೊದಲ ಫೋಟೊ ಕಳುಹಿಸಿದೆ. "ತಮ್ಮಾ, ಇದು ನಾನು ಹಚ್ಚಿದ ಕೆಂಪಲ್ಲ" ಎಂದರು. ಅವರ ಮಾತು ನಿಜವಾಗಿತ್ತು. ಕೆಂಪು ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು, ಎದೆಯ ಹಾರದ ಜಾಗದಲ್ಲಿ ಬರೀ ಬಿಳಿ ಕಲೆಯಿತ್ತು. ದೂರದ ಊರಿನಿಂದ ಕೊಳ್ಳುವವರಿಗೆ ಸಿಗುವುದು ಈ ಫೋಟೊ ಒಂದೇ ಅಲ್ಲವೇ?

ಬಣ್ಣ ಕೆಟ್ಟ ಕಾರಣ ಬೇಗ ಸಿಕ್ಕಿತು. ಕಿಟಕಿಯ ಬೆಳಕಿನ ಜೊತೆಗೆ ಹಳದಿ ಬಲ್ಬ್ ಉರಿಯುತ್ತಿತ್ತು. ಬಲ್ಬ್ ಆರಿಸಿದೆ, ಕೆಂಪು ಮರಳಿ ಬಂತು.

ಹೊಳಪು ಮಾತ್ರ ಬಹಳ ಸತಾಯಿಸಿತು. ಕಿನ್ನಾಳದ ಗೊಂಬೆಯ ಒಡವೆಗಳಿಗೆ ತವರದಿಂದ ಮಿರುಗು ಕೊಡುತ್ತಾರೆ, ಆ ಕೆಲಸಕ್ಕೆ ಲಾಜವಾರ ಎನ್ನುತ್ತಾರೆ. ಮಿರುಗುವ ಮೈ ಕನ್ನಡಿಯಂತೆ, ಎದುರಿಗೆ ಏನಿದೆಯೋ ಅದನ್ನೇ ತೋರಿಸುತ್ತದೆ. ಮೊಬೈಲಿನ ಫ್ಲಾಶ್ ಎದುರಿಗಿದ್ದರೆ ಕಣ್ಣು ಕುಕ್ಕುವ ಚುಕ್ಕೆ ಕಾಣುತ್ತದೆ, ಅಗಲವಾದ ಬಿಳುಪು ಎದುರಿಗಿದ್ದರೆ ಮೃದುವಾದ ಬೆಳ್ಳಿ ಕಾಣುತ್ತದೆ. ಹಾಗಾಗಿ ಫ್ಲಾಶ್ ಬಿಟ್ಟು, ಅಪ್ಪನ ಬಿಳಿ ಪಂಚೆಯನ್ನು ಕಿಟಕಿಗೆ ಕಟ್ಟಿದೆ. ನೋಡಿ, ಹಾರದ ಎಳೆಗಳು ಒಂದೊಂದಾಗಿ ಬಿಡಿಸಿಕೊಂಡವು! ಗೊಂಬೆಯನ್ನು ಪಂಚೆಗೆ ಹತ್ತಿರ ಸರಿಸಿದಷ್ಟೂ ನೆರಳು ಮೃದುವಾಗುತ್ತದೆ. ಇನ್ನೊಂದು ಬದಿಗೆ ಟಿವಿ ಪೆಟ್ಟಿಗೆಯಲ್ಲಿ ಬಂದಿದ್ದ ಥರ್ಮಾಕೋಲ್ ನಿಲ್ಲಿಸಿದೆ, ಕತ್ತಲಾಗಿದ್ದ ಕೆನ್ನೆಗೆ ಬೆಳಕು ಮರಳಿತು.

ಉತ್ತರದ ಕಿಟಕಿಗೆ ಬಿಸಿಲು ಬೀಳುವುದಿಲ್ಲ ಎಂದು ನಂಬಬೇಡಿ. ಮೇ, ಜೂನ್, ಜುಲೈಯಲ್ಲಿ ನಮ್ಮ ಕಡೆ ನಡು ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ, ಆಗ ಅಲ್ಲಿಗೂ ಪಂಚೆ ಬೇಕು.

ಹಿನ್ನೆಲೆಗೆ ಬಿಳಿ ಡ್ರಾಯಿಂಗ್ ಹಾಳೆಯನ್ನು ಗೋಡೆಗೆ ಅಂಟಿಸಿ, ಮಡಿಕೆ ಬೀಳದಂತೆ ಮೇಜಿನವರೆಗೆ ಇಳಿಬಿಟ್ಟಿದ್ದೇನೆ. ಬಿಳುಪು ಹೆಚ್ಚಿದ್ದರೆ ಕ್ಯಾಮೆರಾ ತಾನಾಗಿ ಬೆಳಕು ತಗ್ಗಿಸಿ, ಹಾಳೆಯನ್ನು ಬೂದು ಮಾಡುತ್ತದೆ. ಪರದೆಯಲ್ಲಿ ಗೊಂಬೆಯ ಮುಖವನ್ನು ಒತ್ತಿ ಹಿಡಿದು, ಬೆಳಕಿನ ಗುರುತನ್ನು ತುಸು ಮೇಲಕ್ಕೆ ಎಳೆಯಿರಿ.

ಫೋಟೊ ತೆಗೆಯುವಾಗ ನಾನು ತುಸು ಹಿಂದೆ ನಿಂತದ್ದಕ್ಕೂ ಕಾರಣವಿದೆ. ತೀರ ಹತ್ತಿರದಿಂದ ತೆಗೆದರೆ ಗರುಡನ ಮೂಗು ದೊಡ್ಡದಾಗಿ, ರೆಕ್ಕೆ ಚಿಕ್ಕದಾಗಿ ಕಾಣುತ್ತದೆ. ಎರಡು ಹೆಜ್ಜೆ ಹಿಂದೆ ಸರಿದು, 2 ಪಟ್ಟು ಝೂಮ್ ಮಾಡಿ ತೆಗೆದರೆ ಕೆತ್ತಿದವರ ಅಳತೆ ಉಳಿಯುತ್ತದೆ. ಮೊಬೈಲನ್ನು ಪುಸ್ತಕಗಳ ನಡುವೆ ನಿಲ್ಲಿಸಿ, 3 ಸೆಕೆಂಡಿನ ಟೈಮರ್ ಇಟ್ಟರೆ ಕೈಯ ನಡುಕವೂ ಇರುವುದಿಲ್ಲ.

ಕೊನೆಗೆ ನನಗೆ ಬಹಳ ಇಷ್ಟವಾದದ್ದು ಈ ಕರಿ ಕಂಬಳಿ. ಎಲ್ಲ ಕಡೆ ಬಿಳುಪೇ ಇದ್ದಾಗ ಕಿರೀಟದ ಅಂಚು ಹಾಳೆಯಲ್ಲಿ ಕರಗಿಹೋಗಿತ್ತು. ಚೌಕಟ್ಟಿಗೆ ಬೀಳದಂತೆ ಬದಿಯಲ್ಲಿ ಕಂಬಳಿ ತೂಗುಹಾಕಿದೆ, ತವರದ ಮೇಲೆ ತೆಳುವಾದ ಕಪ್ಪು ಗೆರೆ ಮೂಡಿ ಕಿರೀಟ ಎದ್ದು ನಿಂತಿತು.

ಇಂದಿನ ಫೋಟೊ ನೋಡಿ ಅಣ್ಣನವರು, "ಕೆಂಪು ಸರಿಯಾಗಿದೆ. ಬಲ ರೆಕ್ಕೆಯ ಅಂಚು ಇನ್ನೂ ಸ್ವಲ್ಪ ಕಾಣಲಿ" ಎಂದಿದ್ದಾರೆ. ನಾಳೆ ಬೆಳಿಗ್ಗೆ ಕಂಬಳಿಯನ್ನು ನಾಲ್ಕು ಬೆರಳು ಹತ್ತಿರ ತರುತ್ತೇನೆ.