ಟವರ್ ಇಲ್ಲದ ರನ್‌ವೇಲಿ ಉತ್ತರ ಕೊಟ್ಟಿದ್ದು ಯಾರು?

ಎಲ್ರಿಗೂ ನಮಸ್ಕಾರ. ಪೈಲಟ್ ಆಗ್ಬೇಕು ಅಂತ ನಮ್ಮ ಕಡೆಯ ಎಷ್ಟೋ ಹುಡುಗ್ರು ಹುಡುಗೀರು ಅಮೆರಿಕಕ್ಕೆ ಹೋಗಿ ಟ್ರೇನಿಂಗ್ ತಗೋತಾರೆ. ಅವ್ರಿಗೂ, ಮನೇಲಿ ಕೂತು ಅವ್ರದ್ದೇ ಯೋಚ್ನೆ ಮಾಡ್ತಿರೋ ಅಪ್ಪ ಅಮ್ಮಂದಿರಿಗೂ ಇವತ್ತು ಒಂದು ವಿಷ್ಯ ಹೇಳ್ಬೇಕು.

ಏರ್‌ಪೋರ್ಟ್ ಅಂದ್ರೆ ಒಂದು ಟವರ್ ಇರತ್ತೆ, ಅಲ್ಲಿ ಕಂಟ್ರೋಲರ್ ಕೂತು ನೀನು ಇಳಿ, ನೀನು ನಿಲ್ಲು ಅಂತ ಹೇಳ್ತಿರ್ತಾರೆ ಅನ್ಕೋತೀವಿ. ಅಮೆರಿಕದಲ್ಲಿ ಜನ ಬಳಸೋ ಏರ್‌ಪೋರ್ಟ್‌ಗಳು ಸುಮಾರು 5,000 ಇವೆ, ಟವರ್ ಇರೋದು 500ರ ಆಸುಪಾಸು ಅಷ್ಟೇ. ಉಳಿದ ಕಡೆ ಪೈಲಟ್‌ಗಳೇ ಒಂದು ಕಾಮನ್ ಫ್ರೀಕ್ವೆನ್ಸಿಲಿ ನಾನಿಲ್ಲಿದ್ದೀನಿ, ಈ ರನ್‌ವೇಲಿ ಇಳೀತೀನಿ ಅಂತ ಹೇಳ್ಕೋತಾ, ಒಬ್ಬರ ಮಾತು ಇನ್ನೊಬ್ಬರು ಕೇಳಿಸ್ಕೊಂಡು ಹೊಂದಿಸ್ಕೋಬೇಕು. ಅದೂ ಅಲ್ದೆ ಇಂಥ ಎಷ್ಟೋ ಕಡೆ ರೇಡಿಯೋ ಇರ್ಲೇಬೇಕು ಅನ್ನೋ ಕಾನೂನೇ ಇಲ್ಲ, ರೇಡಿಯೋ ಇಲ್ಲದ ಹಳೇ ವಿಮಾನ ಬಂದು ಇಳಿದ್ರೂ ಅದು ತಪ್ಪಲ್ಲ. ನಮ್ಮ ಘಾಟಿ ರೋಡಿನ ತಿರುವಲ್ಲಿ ಹಾರನ್ ಹೊಡೆದಾಗ ಆ ಕಡೆಯಿಂದ ಹಾರನ್ ಬರ್ಲಿಲ್ಲ ಅಂತ ರೋಡು ಖಾಲಿ ಅನ್ಕೊಳ್ಳೋಕಾಗತ್ತಾ, ಇದೂ ಹಾಗೇ.

1996ರ ನವೆಂಬರ್ 19, ಇಲಿನಾಯ್ ರಾಜ್ಯದ ಕ್ವಿನ್ಸಿ ಊರು, ಸಂಜೆ ಐದು ಗಂಟೆ, ಕತ್ತಲಾಗ್ತಾ ಇತ್ತು. ಶಿಕಾಗೋದಿಂದ ಹೊರಟು ಬರ್ಲಿಂಗ್ಟನ್ ಊರಲ್ಲಿ ನಿಂತು ಬಂದ ಯುನೈಟೆಡ್ ಎಕ್ಸ್‌ಪ್ರೆಸ್ ವಿಮಾನ, ಬೀಚ್‌ಕ್ರಾಫ್ಟ್ 1900ಸಿ, ಒಳಗೆ 10 ಜನ ಪ್ಯಾಸೆಂಜರ್, ಇಬ್ಬರು ಪೈಲಟ್. ಅವ್ರು ದೂರದಿಂದಲೇ ಮತ್ತೆ ಮತ್ತೆ ರೇಡಿಯೋಲಿ ಹೇಳ್ಕೊಂಡೇ ಬಂದ್ರು, 13ನೇ ರನ್‌ವೇಲಿ ಇಳೀತೀವಿ ಅಂತ. ಅದಕ್ಕೆ ಅಡ್ಡ ಹಾಯೋ ಇನ್ನೊಂದು ರನ್‌ವೇ, 4ನೇ ನಂಬರಿಂದು. ಅದರ ತುದೀಲಿ ಕಿಂಗ್ ಏರ್ ಅನ್ನೋ ಎರಡು ಎಂಜಿನ್ನಿನ ವಿಮಾನ ಟೇಕಾಫ್‌ಗೆ ರೆಡಿಯಾಗಿ ನಿಂತಿತ್ತು, ಅದರ ಹಿಂದೆ ತನ್ನ ಸರದಿ ಕಾಯ್ತಾ ಪೈಪರ್ ಚೆರೊಕೀ ಅನ್ನೋ ಒಂದು ಪುಟ್ಟ ವಿಮಾನ.

ಇಳಿಯೋ ವಿಮಾನದ ಕ್ಯಾಪ್ಟನ್ ಸರಿಯಾದ ಪ್ರಶ್ನೇನೇ ಕೇಳಿದ್ರು, 4ನೇ ರನ್‌ವೇಲಿ ಇರೋರು ನಿಂತಿರ್ತೀರಾ ಇಲ್ಲ ಹೊರಡ್ತೀರಾ ಅಂತ. ಕಿಂಗ್ ಏರ್ ಉತ್ತರ ಕೊಡ್ಲಿಲ್ಲ. ಉತ್ತರ ಕೊಟ್ಟಿದ್ದು ಹಿಂದಿದ್ದ ಚೆರೊಕೀ, ತನ್ನ ನಂಬರ್ ಹೇಳಿ, 4ನೇ ರನ್‌ವೇಲಿ ಹೊರಡೋಕೆ ಕಾಯ್ತಿದ್ದೀನಿ ಅಂತ. ಅದೇ ಹೊತ್ತಿಗೆ ಇಳೀತಿದ್ದ ವಿಮಾನದ ಕಾಕ್‌ಪಿಟ್ಟಲ್ಲಿ ನೆಲದಿಂದ 200 ಅಡಿ ಅಂತ ಆಟೊಮ್ಯಾಟಿಕ್ ದನಿ ಕೂಗ್ತು, ಮಾತಿನ ಮಧ್ಯದ ತುಂಡು ಅದರಲ್ಲಿ ಮುಚ್ಚಿಹೋಯ್ತು, ಕೊನೆಗೆ ಕಿವಿಗೆ ಬಿದ್ದದ್ದು ಚೆರೊಕೀ ಪೈಲಟ್ ಮಾತು ಮುಗಿಸ್ತಾ ಹೇಳಿದ ಕಿಂಗ್ ಏರ್ ಅನ್ನೋ ಎರಡು ಪದ. ಸರಿ, ಕಿಂಗ್ ಏರ್ ನಿಂತಿರತ್ತೆ ಅಂತ ಅವ್ರಿಗೆ ಅನ್ನಿಸ್ತು, ನಾವು ನಿಮ್ಮ ಮುಂದೆ ಕ್ರಾಸ್ ಆಗ್ತೀವಿ ಅಂತ ಥ್ಯಾಂಕ್ಸ್ ಕೂಡ ಹೇಳಿ ಇಳಿದ್ರು. ಚೆರೊಕೀ ಪೈಲಟ್ ಅದನ್ನ ತಿದ್ದಲಿಲ್ಲ. ಕಿಂಗ್ ಏರ್ ಹೊರಡ್ತಿದ್ದೀನಿ ಅಂತ ಹೇಳ್ದೆ ಓಡಿ ಬಂತು. ಎರಡೂ ಆ ಕ್ರಾಸಿಂಗಲ್ಲೇ ಡಿಕ್ಕಿ ಹೊಡೆದ್ವು, ಎರಡೂ ವಿಮಾನದ 14 ಜನರೂ ಹೋಗ್ಬಿಟ್ರು.

ಇದನ್ನ ಯಾವಾಗ ಓದಿದ್ರೂ ನಂಗೆ ತಡೆಯೋಕಾಗದ ಸಂಗತಿ ಇನ್ನೊಂದಿದೆ. ಆ ಡಿಕ್ಕೀಲೇ ಅವ್ರು ಸತ್ತಿದ್ದಲ್ಲ, ಬೆಂಕಿ, ಹೊಗೇಲಿ ಸತ್ತಿದ್ದು. ಏರ್‌ಪೋರ್ಟಲ್ಲಿದ್ದ ಕೆಲವರು ಓಡಿ ಹೋದ್ರು, ಒಳಗಿಂದ ಕ್ಯಾಪ್ಟನ್ ಬಾಗಿಲು ತೆಗೀರಿ ಅಂತ ಹೇಳ್ತಿದ್ರು, ಇವ್ರು ಹೊರಗಿಂದ ಎಳೆದ್ರೂ ಬಾಗಿಲು ತೆರೀಲಿಲ್ಲ. ಅಲ್ಲಿ ಬೆಂಕಿ ಆರಿಸೋ ತಂಡ ಇರ್ಲಿಲ್ಲ, ಅಷ್ಟು ಚಿಕ್ಕ ವಿಮಾನಗಳು ಮಾತ್ರ ಬರೋ ಏರ್‌ಪೋರ್ಟಿಗೆ ಇರ್ಬೇಕು ಅನ್ನೋ ನಿಯಮ ಆಗ ಇರ್ಲಿಲ್ಲ, ಊರಿಂದ ಫೈರ್ ಎಂಜಿನ್ ಬರೋಕೆ ಹತ್ತು ನಿಮಿಷಕ್ಕೂ ಹೆಚ್ಚು ಹಿಡೀತು. ದಿನಾ ಟಿಕೆಟ್ ತಗೊಂಡು ಜನ ಬಂದು ಇಳಿಯೋ ಜಾಗ ಅದು! ಇಂಥ ಏರ್‌ಪೋರ್ಟ್‌ಗಳನ್ನ ಸರ್ಕಾರ ಸುರಕ್ಷತೆಯ ನಿಯಮದೊಳಗೆ ತಂದದ್ದು 2004ರಲ್ಲಿ. ನನ್ನ ಪ್ರಕಾರ ಇದು ತುಂಬಾ ತಡ.

ತನಿಖೆ ಮಾಡಿದ ಎನ್‌ಟಿಎಸ್‌ಬಿ, ಅಂದ್ರೆ ಅಪಘಾತಗಳ ತನಿಖೆ ಮಾಡೋ ಅಮೆರಿಕದ ಸರ್ಕಾರಿ ಸಂಸ್ಥೆ, ಮುಖ್ಯ ಕಾರಣ ಅಂತ ಹೇಳಿದ್ದು ಕಿಂಗ್ ಏರ್‌ನವ್ರು ಫ್ರೀಕ್ವೆನ್ಸಿನ ಗಮನ ಇಟ್ಟು ಕೇಳ್ಲಿಲ್ಲ, ಸುತ್ತ ನೋಡ್ಲಿಲ್ಲ ಅನ್ನೋದನ್ನ. ಅದು ನಿಜಾನೇ. ಆದ್ರೆ ಕಲಿಯೋರಿಗೆ ನಾನು ಒತ್ತಿ ಹೇಳೋದು ಇಳಿಯೋರ ಕಡೆಯಿಂದ. ಉತ್ತರ ಬಂತು ಅಂದ್ರೆ ಸಾಲ್ದು, ಯಾರು ಕೊಟ್ರು ಅಂತ ಗೊತ್ತಾಗ್ಬೇಕು. ನೀವು ಹೇಳೋವಾಗ್ಲೂ ಬರೀ ರಿಜಿಸ್ಟ್ರೇಶನ್ ನಂಬರ್ ಹೇಳಿದ್ರೆ ಯಾರಿಗೂ ಏನೂ ಕಾಣಲ್ಲ, ಬಿಳಿ ಚೆರೊಕೀ, ಕಿಂಗ್ ಏರ್ ಹಿಂದೆ ನಿಂತಿದ್ದೀನಿ, ಅಂದ್ರೆ ಕಣ್ಣಿಗೆ ಕಟ್ಟತ್ತೆ. ಏರ್‌ಪೋರ್ಟ್ ಹೆಸ್ರು ಶುರುವಲ್ಲೂ ಕೊನೇಲೂ ಹೇಳಿ, ಯಾಕಂದ್ರೆ ಅದೇ ಫ್ರೀಕ್ವೆನ್ಸಿನ ಪಕ್ಕದ ಊರಿನ ಏರ್‌ಪೋರ್ಟೂ ಬಳಸ್ತಿರತ್ತೆ. ರನ್‌ವೇಗೆ ಹತ್ತೋ ಮುಂಚೆ ಇಳಿಯೋ ದಾರಿನ ಎರಡೂ ಕಡೆ ಕತ್ತೆತ್ತಿ ನೋಡಿ, ಅಡ್ಡ ಹಾಯೋ ರನ್‌ವೇ ಇದ್ರೆ ಅದನ್ನೂ ನೋಡಿ. ಹತ್ತಿದ ಮೇಲೆ ಸುಮ್ನೆ ನಿಲ್ಲೋದು ಬೇಡ, ಹೊರಡಿ, ಹೊರಡ್ತಿದ್ದೀನಿ ಅಂತ ಹೇಳಿ.

ಇನ್ನು ಎಲ್ರೂ ಮಾತಾಡಿದ್ರೂ ಸಾಲಲ್ಲ ಅನ್ನೋದಕ್ಕೆ ಕ್ಯಾಲಿಫೋರ್ನಿಯಾದ ವಾಟ್ಸನ್‌ವಿಲ್ ಇದೆ, 2022ರ ಆಗಸ್ಟ್ 18. ಪುಟ್ಟ ಸೆಸ್ನಾ 152 ಸುತ್ತು ಹಾಕ್ತಾ ಇಳಿಯೋ ಅಭ್ಯಾಸ ಮಾಡ್ತಿತ್ತು, ಎರಡು ಎಂಜಿನ್ನಿನ ಸೆಸ್ನಾ 340 ದೂರದಿಂದ ನೇರವಾಗಿ, ತುಂಬಾ ಸ್ಪೀಡಲ್ಲಿ ಬಂತು. ಇಬ್ಬರೂ ರೇಡಿಯೋಲಿ ಹೇಳ್ಕೋತಾನೇ ಇದ್ರು, ಆದ್ರೂ ಇಳಿಯೋ ದಾರೀಲೇ ಡಿಕ್ಕಿಯಾಗಿ ಮೂರು ಜನ ಸತ್ರು. ನೇರ ಬರೋದು ಕಾನೂನಿಗೆ ವಿರುದ್ಧ ಅಲ್ಲ, ಆದ್ರೆ ಮೊದಲೇ ಸುತ್ತಲ್ಲಿರೋರ ಮಧ್ಯೆ ನುಗ್ಗಬಾರದು.

ಮಕ್ಕಳೇ, 200 ಅಡೀಲಿ ಇದ್ದಾಗ ಆ ಉತ್ತರ ಯಾರದ್ದು ಅಂತ ಒಂಚೂರು ಅನುಮಾನ ಬಂದ್ರೂ ಪವರ್ ಕೊಟ್ಟು ಮೇಲೆ ಹೋಗಿ, ಒಂದು ಸುತ್ತು ಹಾಕಿ ಬನ್ನಿ. ಖರ್ಚಾಗೋದು ಸ್ವಲ್ಪ ಪೆಟ್ರೋಲು, ಐದಾರು ನಿಮಿಷ. ಟ್ರೇನಿಂಗ್ ದುಡ್ಡಿನ ಲೆಕ್ಕ ಹಾಕ್ಕೊಂಡು ಆ ಸುತ್ತನ್ನ ಉಳಿಸೋಕೆ ಹೋಗ್ಬೇಡಿ, ನಿಮ್ಮ ಅಪ್ಪ ಅಮ್ಮನೂ ಅದನ್ನ ಕೇಳಲ್ಲ.